ಮಾಳಿಗೆ ಏರುವ ಮುಂಚಿನ ಕೂಗು

ಮನಗೂಳಿಯ ಆ ಹಳೆಯ ಓಣಿಯಲ್ಲಿ ಬಂದಗಿಸಾಬನ ಕೂಗು ಕೇಳಿಸಿತೆಂದರೆ ಹೆಂಗಸರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಅಂಗಳದಲ್ಲಿ ತಲೆ ಬಾಚಿಕೊಳ್ಳುವವರು ಹಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿಕೊಂಡು ಪಡಸಾಲೆ ಸೇರುತ್ತಿದ್ದರು. ನೀರು ಹಾಕಿಕೊಳ್ಳುವವರು ಬಚ್ಚಲಿನ ತಟ್ಟಿ ಎಳೆದುಕೊಳ್ಳುತ್ತಿದ್ದರು. ಕೂಸಿಗೆ ಹಾಲೂಡಿಸುವವಳು ಗೋಡೆಯ ಕಡೆ ತಿರುಗಿ ಕೂಡುತ್ತಿದ್ದಳು.

"ಮಾಳಗಿ ಏರ್ತೇನ್ರೆವ್ವಾ... ಒಳಗಾಗ್ರೆವ್ವಾ..."

ಓಣಿಯ ಎರಡೂ ತುದಿಗೆ ಒಮ್ಮೊಮ್ಮೆ, ನಡುವೆ ಒಮ್ಮೆ ಕೂಗಿ, ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆಯೇ ಅವನು ಮೆಟ್ಟಿಲಿಗೆ ಕಾಲಿಡುತ್ತಿದ್ದ. ಕಾರಣ ಇಷ್ಟೇ. ಅಲ್ಲಿನ ಮನೆಗಳು ಗೋಡೆಗೆ ಗೋಡೆ ಹಚ್ಚಿ ಕಟ್ಟಿದಂಥವು. ಒಂದು ಮಾಳಿಗೆ ಏರಿದರೆ ಕಾಲು ಕೆಳಗಿಡದೆ ಓಣಿಯ ಆ ತುದಿ ಮುಟ್ಟಬಹುದು. ಮೇಲೆ ನಿಂತವನಿಗೆ ಎಲ್ಲರ ಅಂಗಳವೂ ಕಾಣುತ್ತದೆ, ಯಾರ ಒಲೆಯ ಮೇಲೆ ಏನಿದೆ ಅನ್ನುವುದೂ ಕಾಣುತ್ತದೆ. ಕೂಗದೆ ಮಾಳಿಗೆ ಏರಿದ ಗಂಡಸಿಗೆ ಆ ಊರಿನಲ್ಲಿ ಮರ್ಯಾದೆ ಇರಲಿಲ್ಲ.

ಬಂದಗಿಸಾಬನ ಕಸುಬು ಮಾಳಿಗೆಯ ಹಾವಸೆ, ಅಂದರೆ ಪಾಚಿ, ತೆಗೆಯುವುದು. ಮಣ್ಣಿನ ಮೇಲ್ಮುದ್ದೆಯ ಮನೆಗಳಿಗೆ ಈ ಉಸಾಬರಿ ಇಲ್ಲ, ವರ್ಷಕ್ಕೊಮ್ಮೆ ಕರಲು ಮಣ್ಣು ಹರಡಿ ತುಳಿದರೆ ಮುಗಿಯಿತು. ಆದರೆ ಪರಸಿ ಕಲ್ಲು ಹಾಸಿ ಸುಣ್ಣದ ಗಚ್ಚು ಬಡಿದ ದೊಡ್ಡ ಮಾಳಿಗೆಗಳಿಗೆ ಮಳೆಗಾಲದ ಕೊನೆಗೆ ಹಸಿರು ಹಾವಸೆ ಕಟ್ಟುತ್ತದೆ. ಅದರ ನಡುನಡುವೆ ಬೂದು ಬಣ್ಣದ ಕಲ್ಲುಹೂವು ಗಜಕರ್ಣದ ಹಾಗೆ ದುಂಡುದುಂಡಗೆ ಹಬ್ಬುತ್ತದೆ. "ಹ್ಯಾಂಗೂ ಕೆರಿತೀದಿ, ಮಸಾಲಿಗೆ ಒಂದ್ ಹಿಡಿ ತಂದುಕೊಡೋ" ಎಂದು ಯಾರಾದರೂ ಕೆಣಕಿದರೆ, "ಇದನ್ನ ಹಾಕಿದ್ರ ನಿಮ್ಮ ಯಜಮಾನ್ರು ನಾಳಿಂದ ನಮ್ಮನ್ಯಾಗ ಉಣ್ಣಾಕ ಬರ್ತಾರ್ರಿ" ಅನ್ನುತ್ತಿದ್ದ. ಹಾವಸೆಯನ್ನು ಹಾಗೇ ಬಿಟ್ಟರೆ ಅದು ನೀರು ಹಿಡಿದಿಟ್ಟುಕೊಂಡು ಗಚ್ಚನ್ನು ಸಡಿಲ ಮಾಡುತ್ತದೆ. ಮಾಳಿಗೆ ಸೋರುತ್ತದೆ. ಮೆಣಸಿನಕಾಯಿ ಹರವಲು ಹೋದವರು ಜಾರಿ ಸೊಂಟ ಮುರಿದುಕೊಳ್ಳುತ್ತಾರೆ.

ಬೇರೆಯವರೆಲ್ಲ ನೀರು ಸುರಿದು ಸಲಿಕೆಯಿಂದ ಕೆರೆಯುತ್ತಿದ್ದರು, ಅರ್ಧ ಗಚ್ಚನ್ನೂ ಕಿತ್ತು ಹಾಕುತ್ತಿದ್ದರು. ಬಂದಗಿಸಾಬ ಮಾತ್ರ ಬಿಸಿಲಿಗೆ ಕಾಯುತ್ತಿದ್ದ. ಹಾವಸೆ ಒಣಗಿ ಅಂಚು ಮೇಲೆದ್ದ ಮೇಲೆ ಜಾಲಿ ಕಟ್ಟಿಗೆಯ ಹಲಗೆಯಿಂದ ಮೆಲ್ಲಗೆ ಎಬ್ಬಿಸಿದರೆ ಅದು ಹಪ್ಪಳದ ಹಾಗೆ ಬಿಟ್ಟು ಬರುತ್ತಿತ್ತು. ಕಾಲಿಗೆ ಗೋಣಿತಾಟಿನ ಚೀಲ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಬಾಯಿಯ ಕಲ್ಲುಗಂಬಕ್ಕೆ. ಕೆರೆದು ಸ್ವಚ್ಛ ಮಾಡಿದ ಜಾಗದ ಮೇಲಷ್ಟೇ ನಿಲ್ಲುವುದು, ಹಸಿರಿನ ಮೇಲೆ ಕಾಲಿಡುವುದಿಲ್ಲ. ಅಂಚಿನ ಹತ್ತಿರ ಹೊಟ್ಟೆಯ ಮೇಲೆ ಹೋಗುವುದು. ಮಾಳಿಗೆಯ ನೀರು ಹೊರಬೀಳುವ ಹರನಾಳಿಗೆಯ ಕೆಳಗಿಟ್ಟ ಹಂಡೆಗೆ ಹೊಲಸು ಬೀಳಬಾರದೆಂದು ಮೊದಲು ಹರನಾಳಿಗೆಯ ಬಾಯಿಗೆ ಅರಿವೆ ತುರುಕುವುದು. ಎಲ್ಲ ಮುಗಿದ ಮೇಲೆ ಸುಣ್ಣದ ತಿಳಿ ಸವರಿ ಇಳಿಯುವುದು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅವನು ಬಿದ್ದವನಲ್ಲ, ಒಂದು ಗಚ್ಚನ್ನೂ ಒಡೆದವನಲ್ಲ.

ಇದೆಲ್ಲ ರಾಜಬಿಗೆ ಬಾಯಿಪಾಠವಾಗಿತ್ತು. ಅವಳು ಅವನ ಹೆಂಡತಿ. ಅವನ ಕಾಲಿನ ಗೋಣಿಚೀಲ ಹೊಲಿಯುವವಳು, ಪ್ರತಿ ವರ್ಷ ಪುಂಡಿನಾರು ಹೊಸೆದು ಹಗ್ಗ ಮಾಡಿಕೊಡುವವಳು, ರಾತ್ರಿ ರೊಟ್ಟಿ ಹಾಕಿಕೊಡುತ್ತ ಆ ದಿನದ ಮಾಳಿಗೆಯ ಕತೆ ಕೇಳುವವಳು. ಅವಳ ಸ್ವಂತ ಮನೆಗೆ ಹುಲ್ಲಿನ ಚಪ್ಪರ. ಗಚ್ಚಿನ ಮಾಳಿಗೆಯನ್ನು ಅವಳು ಒಂದು ದಿನವೂ ಏರಿ ನೋಡಿರಲಿಲ್ಲ. ಆದರೂ ಗಂಡನ ಬಗ್ಗೆ ಅವಳಿಗೆ ಬೆಟ್ಟದಷ್ಟು ಅಭಿಮಾನ. ಹಾವಸೆ ತೆಗೆಯುವ ಜಾಣತನಕ್ಕಿಂತ ಅವನ ಕಣ್ಣಿನ ಬಗ್ಗೆ ಹೆಚ್ಚು. ಅಷ್ಟು ಮನೆಗಳ ಅಂಗಳ ಕಾಲಡಿಗೆ ಇದ್ದರೂ ಅವನು ಒಂದು ಮನೆಯ ಸುದ್ದಿಯನ್ನೂ ಇನ್ನೊಂದು ಮನೆಗೆ ಒಯ್ದವನಲ್ಲ, ಹೆಂಡತಿಗೂ ಹೇಳಿದವನಲ್ಲ. ಅವಳು ಕೆದಕಿ ಕೇಳಿದರೆ "ನಾ ನೋಡೂದು ಹಾವಸಿ" ಎಂದು ರೊಟ್ಟಿ ಮುರಿಯುತ್ತಿದ್ದ.

ಹೊಸ ರಾಜ್ಯವಾಗಿ ಮೂರ್ನಾಲ್ಕು ಮಳೆಗಾಲ ಕಳೆದಿದ್ದವು. ಆ ವರ್ಷದ ಆಷಾಢದಲ್ಲಿ ಬಂದಗಿಸಾಬನಿಗೆ ಜ್ವರ ಬಂತು, ಗಂಟಲು ಬಾತಿತು. ಬಿಜಾಪುರದ ದವಾಖಾನೆಗೆ ಒಯ್ದು ಜೀವ ಉಳಿಸಿಕೊಂಡರು. ಆದರೆ ದನಿ ಹೋಯಿತು. ಬಾಯಿ ತೆರೆದರೆ ಗಾಳಿಯಷ್ಟೇ ಬರುತ್ತಿತ್ತು. ಕಿವಿ ಹತ್ತಿರ ಒಯ್ದರೆ ಮಾತು ತಿಳಿಯುತ್ತಿತ್ತು, ಒಂದು ಮಾರು ದೂರ ನಿಂತರೆ ಇಲ್ಲ.

ಉತ್ತರಿ ಮಳೆ ಹೊಡೆದು ನಿಂತಿತು. ಬಿಸಿಲು ಬಿತ್ತು. ಹಾವಸೆ ಒಣಗುವ ದಿನಗಳು ಅವು. ಬಂದಗಿಸಾಬ ಹಗ್ಗ, ಹಲಗೆ ತೆಗೆದುಕೊಂಡು ಹೊರಟ. ಕೂಗುವುದು ಹೇಗೆಂದು ಅವನೂ ಯೋಚನೆ ಮಾಡಿದ್ದ. ಮನೆಯಲ್ಲಿದ್ದ ಹಿತ್ತಾಳೆಯ ತಾಟು, ಒಂದು ಕಟ್ಟಿಗೆ ಜೊತೆಗೆ ಒಯ್ದ. ಓಣಿಯ ತುದಿಗಳಲ್ಲಿ, ನಡುವೆ ನಿಂತು ಠಣ್ ಠಣ್ ಎಂದು ಬಡಿದ. ಕಾದ. ಏರಿದ.

ತಾಟು ಬಡಿದರೆ ಆ ಓಣಿಯ ಹೆಂಗಸರಿಗೆ ತಿಳಿಯುವ ಅರ್ಥ ಒಂದೇ: ಹಳೆ ಸೀರೆಗೆ ಭಾಂಡೆ ಪಾತ್ರೆ ಕೊಡುವವ ಬಂದಿದ್ದಾನೆ! ಒಳಗಿದ್ದವರೆಲ್ಲ ಹೊರಗೆ ಬಂದರು. ಎಲ್ಲರಿಗಿಂತ ಮೊದಲು ಬಂದವಳು ಸಾತವ್ವ. ಓಣಿಯ ದೊಡ್ಡ ಮನೆಯ ಯಜಮಾನಿ, ನಾಲಿಗೆ ಹರಿತ, ಮೈತುಂಬ ಗತ್ತು. ಎಣ್ಣೆ ಹಚ್ಚಿ ನೀರು ಹಾಕಿಕೊಂಡು ಒದ್ದೆ ಕೂದಲು ಬಿಟ್ಟುಕೊಂಡಿದ್ದಳು, ಮೈಗೆ ಅರ್ಧ ಸೀರೆ, ಕಂಕುಳಲ್ಲಿ ಹಳೆ ಸೀರೆಯ ಗಂಟು. ಅಂಗಳದ ನಡುವೆ ನಿಂತು "ಎಲ್ಲಿ ಬಂದ?" ಎಂದು ಅತ್ತಿತ್ತ ನೋಡಿ ತಲೆ ಎತ್ತಿದರೆ ಮಾಳಿಗೆಯ ಮೇಲೆ ಬಂದಗಿಸಾಬ!

ಅವನು ಆ ಕ್ಷಣವೇ ಬೆನ್ನು ತಿರುಗಿಸಿದ. ಆದರೆ ಆಗುವುದು ಆಗಿಹೋಗಿತ್ತು.

"ಕೂಗದವ ಮಾಳಗಿ ಹ್ಯಾಂಗ ಏರಿದಿ? ದನಿ ಹೋದ್ರ ಮರ್ಯಾದೀನೂ ಹೋತೇನು? ಇಳಿ ಕೆಳಗ!" ಸಾತವ್ವನ ಗಂಟಲು ಬಸ್ ನಿಲ್ಲುವ ಕಟ್ಟೆಯ ತನಕ ಕೇಳಿಸಿತು. "ಇನ್ನ ಮ್ಯಾಲ ಕೂಗಿದ್ರ ಏರು. ಕೂಗಾಕ ಆಗೂದಿಲ್ಲಂದ್ರ ಈ ಓಣಿ ಕಡೆ ಬರಬ್ಯಾಡ."

ಅವನು ಇಳಿದು ಮನೆಗೆ ಬಂದ. ಹಗ್ಗವನ್ನು ಗೂಟಕ್ಕೆ ಹಾಕಿದ, ಗೋಣಿಚೀಲ ಬಿಚ್ಚಿದ, ಗೋಡೆಗೆ ಒರಗಿ ಕೂತ. ರೊಟ್ಟಿ ಬೇಡವೆಂದು ಕೈಯಾಡಿಸಿದ. ಓಣಿಯ ಹೆಂಗಸರ ಬಾಯಿಂದ ಸುದ್ದಿ ರಾಜಬಿಗೆ ಆಗಲೇ ಮುಟ್ಟಿತ್ತು. ಸಾತವ್ವನ ಮೇಲೆ ಸಿಟ್ಟು ಬಂತು, ಆದರೆ ಪೂರ್ತಿ ಸಿಟ್ಟಾಗುವುದಕ್ಕೂ ಆಗಲಿಲ್ಲ. ಆ ಅಂಗಳದಲ್ಲಿ ಒದ್ದೆ ಕೂದಲು ಬಿಟ್ಟುಕೊಂಡು ತಾನೇ ನಿಂತಿದ್ದರೆ? ಸಾತವ್ವ ಅಂದದ್ದರಲ್ಲಿ ಸುಳ್ಳಿರಲಿಲ್ಲ. ಕೂಗದೆ ಏರಬಾರದು. ಕೂಗದಿದ್ದರೆ ಗಂಡನಿಗೆ ಕಸುಬಿಲ್ಲ, ಕಸುಬಿಲ್ಲದಿದ್ದರೆ ಈ ಮನುಷ್ಯ ಹೀಗೇ ಗೋಡೆಗೆ ಒರಗಿ ಕೂತು ಕೂತೇ ಮುಗಿದುಹೋಗುತ್ತಾನೆ. ಅದನ್ನು ಅವಳು ಕಣ್ಣಾರೆ ನೋಡುತ್ತಿದ್ದಳು.

"ನಾ ಕೂಗ್ತೇನಿ" ಅಂದಳು.

ಅವನು ತಲೆ ಎತ್ತಿ ನೋಡಿದ. ತುಟಿ ಅಲ್ಲಾಡಿತು. ಅವಳು ಕಿವಿ ಕೊಟ್ಟಳು.

"ನಿನ್ನ ದನಿ ಓಣಿ ತುಂಬ ಕೇಳಬೇಕೇನು?"

"ನಿಮ್ಮ ದನಿ ಇಷ್ಟ್ ವರ್ಸ ಕೇಳ್ಯಾರಲ್ಲ. ನಂದೂ ಒಂದೀಟ ಕೇಳ್ಲಿ. ನಾ ಏನ್ ಹಾಡಾಕ ಹೊಂಟೇನೇನ್ರಿ?"

ಮರುದಿನ ಸೆರಗನ್ನು ತಲೆ ಮುಚ್ಚಿ ಗದ್ದದ ತನಕ ಎಳೆದುಕೊಂಡು ರಾಜಬಿ ಓಣಿಯ ತುದಿಯಲ್ಲಿ ನಿಂತಳು. ಕಟ್ಟಿಕೊಂಡ ಗಂಡನ ಮುಂದೂ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದ ಹೆಂಗಸು. ಮೊದಲ ಕೂಗು ಕೋಳಿಮರಿಯ ಕೂಗಿನಷ್ಟಾಯಿತು. ಯಾರೋ ಕಿಸಕ್ಕನೆ ನಕ್ಕರು. ಎರಡನೆಯದಕ್ಕೆ ಅವಳು ಕಣ್ಣು ಮುಚ್ಚಿಕೊಂಡು, ಗಂಡ ಹೇಗೆ ಎಳೆಯುತ್ತಿದ್ದನೋ ಹಾಗೇ, 'ಏರ್ತಾರ್ರೆವ್ವಾ' ಅನ್ನುವುದನ್ನು ಬಾವಿಗೆ ಹಗ್ಗ ಬಿಟ್ಟ ಹಾಗೆ ಉದ್ದಕ್ಕೆ ಬಿಟ್ಟಳು.

"ಮಾಳಗಿ ಏರ್ತಾರ್ರೆವ್ವಾ... ಒಳಗಾಗ್ರೆವ್ವಾ..."

ಒಂದೊಂದಾಗಿ ಬಾಗಿಲುಗಳು ಮುಚ್ಚಿಕೊಂಡವು. ಓಣಿ ಖಾಲಿಯಾಯಿತು. ರಾಜಬಿ ಕಣ್ಣು ತೆರೆದು ನೋಡಿದಳು, ಅವಳಿಗೇ ನಂಬಿಕೆ ಬರಲಿಲ್ಲ. ಮೆಟ್ಟಿಲ ಬಳಿ ನಿಂತಿದ್ದ ಬಂದಗಿಸಾಬ ಏರತೊಡಗಿದ, ಅವನ ನಡಿಗೆ ಹಳೆಯ ನಡಿಗೆಯಾಗಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಹೀಗೆ ಒಂದೊಂದಾಗಿ ಮಾಳಿಗೆಗಳು ಆದವು. ಕೂಗಿ ಮುಗಿಸಿ ಅವಳು ಮೆಟ್ಟಿಲ ಬುಡದಲ್ಲಿ ಕೂಡುತ್ತಿದ್ದಳು. ಮೇಲಿನ ಕೆಲಸ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಹಲಗೆ ಕೆರೆಯುವ ಸದ್ದು ಕರ್ರ್, ಕರ್ರ್. ನಾಲ್ಕು ಸಲ ಕೆರೆದ ಮೇಲೆ ಹಲಗೆಯನ್ನು ಬುಟ್ಟಿಯ ಅಂಚಿಗೆ ಕುಟ್ಟಿ ಹಾವಸೆ ಉದುರಿಸುವ ಸದ್ದು, ಟಕ್. ಸ್ವಲ್ಪ ದಿನಕ್ಕೆ ಆ ಸದ್ದು ಅವಳ ಮೈಯೊಳಗೇ ಸೇರಿಕೊಂಡಿತು.

ಕೊನೆಗೆ ಸಾತವ್ವನ ಮನೆ ಉಳಿಯಿತು. ಅವಳೇ ಹೇಳಿ ಕಳಿಸಿದಳು. "ಕೂಗಿ ಏರೂದಾದ್ರ ಬರ್ಲಿ. ಮಾನವಮಿ ಹತ್ರ ಬಂತು" ಎಂದಷ್ಟೇ. ತಪ್ಪಾಯಿತು ಅನ್ನುವ ಮಾತು ಆ ಹೆಂಗಸಿನ ಬಾಯಲ್ಲಿ ಬರುವಂಥದ್ದಲ್ಲ.

ಆ ಮುಂಜಾನೆ ಊರಲ್ಲಿ ಗಂಡಸರು ಇರಲಿಲ್ಲ. ನೆಲದ ಹಸಿ ಹದವಾಗಿತ್ತು, ಎಲ್ಲರೂ ಬಿಳಿಜೋಳ ಬಿತ್ತಲು ಹೊಲಕ್ಕೆ ಹೋಗಿದ್ದರು. ಸಾತವ್ವನ ಮಗ ಮಡಿವಾಳಪ್ಪನೂ ಕೂರಿಗೆ ಹೂಡಿಕೊಂಡು ಹೋಗಿದ್ದ. ರಾಜಬಿ ಕೂಗಿದಳು. ಬಾಗಿಲುಗಳು ಮುಚ್ಚಿದವು. ಸಾತವ್ವನ ಬಾಗಿಲು ಎಲ್ಲರಿಗಿಂತ ಜೋರಾಗಿ ಮುಚ್ಚಿತು. ಬಂದಗಿಸಾಬ ಹಗ್ಗವನ್ನು ಗಂಬಕ್ಕೆ ಬಿಗಿದು ಎರಡು ಸಲ ಜಗ್ಗಿ ನೋಡಿ ಕೆಲಸಕ್ಕೆ ಹತ್ತಿದ.

ಕರ್ರ್, ಕರ್ರ್, ಕರ್ರ್, ಕರ್ರ್. ಟಕ್.

ಹೊತ್ತು ಏರಿತು. ರಾಜಬಿ ಮೆಟ್ಟಿಲ ಬುಡದಲ್ಲಿ ಕೂತು ಹರಿದ ಗೋಣಿಚೀಲಕ್ಕೆ ದಬ್ಬಣ ಹಾಕುತ್ತಿದ್ದಳು. ಕರ್ರ್. ಕರ್ರ್. ಆಮೇಲೆ ಸದ್ದಿಲ್ಲ. ಅವಳ ಕೈ ನಿಂತಿತು. ಎರಡಕ್ಕೇ ಯಾಕೆ ನಿಂತಿತು? ಟಕ್ ಎಲ್ಲಿ? ಅಷ್ಟರಲ್ಲಿ ಮೇಲೆ ಏನೋ ಭಾರವಾದದ್ದು ಜರುಗಿದ ಸದ್ದು, ಹಿತ್ತಲಲ್ಲಿ ಕಲ್ಲಿನ ಮೇಲೆ ಕಲ್ಲು ಬಿದ್ದು ಒಡೆದ ಸದ್ದು.

ಅವಳು ಮೆಟ್ಟಿಲು ಹೇಗೆ ಏರಿದಳೋ ಅವಳಿಗೇ ಗೊತ್ತಿಲ್ಲ. ಹುಟ್ಟಿ ಮೊದಲ ಸಲ ಗಚ್ಚಿನ ಮಾಳಿಗೆಯ ಮೇಲೆ ನಿಂತಳು. ಅರ್ಧ ಮಾಳಿಗೆ ಬೆಳ್ಳಗೆ, ಅರ್ಧ ಹಸಿರು, ಗಂಡ ಇಲ್ಲ. ಗಂಬದಿಂದ ಹೊರಟ ಹಗ್ಗ ಬಿಗಿಯಾಗಿ ಎಳೆದುಕೊಂಡು ಹಿತ್ತಲ ಕಡೆಯ ಅಂಚಿನಲ್ಲಿ ಕೆಳಗಿಳಿದಿತ್ತು. ಆ ಕಡೆ ಮೊದಲಿಂದಲೂ ಕುಂಬಿಯ ಗಿಡ್ಡ ಗೋಡೆ ಕಟ್ಟಿರಲಿಲ್ಲ. ಈಗ ಅಂಚಿನ ಒಂದು ಪರಸಿಯೂ ಇರಲಿಲ್ಲ. ಅದರ ಬುಡದಲ್ಲಿ ಅರಳಿಯ ಸಸಿಯೊಂದು ಹುಟ್ಟಿ, ಮೇಲೆ ಹಾವಸೆ ಮುಚ್ಚಿಕೊಂಡು, ಒಳಗೊಳಗೇ ಬೇರು ಬಿಟ್ಟು ಕಲ್ಲನ್ನು ಸಡಿಲಿಸಿಟ್ಟಿದ್ದು ಯಾರಿಗೆ ಕಾಣಬೇಕು?

ಓಡಬೇಕೆನ್ನಿಸಿತು. ಓಡಲಿಲ್ಲ. ರಾತ್ರಿ ರಾತ್ರಿ ರೊಟ್ಟಿಯ ಮುಂದೆ ಕೇಳಿದ ಮಾತು ಕಾಲನ್ನು ಹಿಡಿಯಿತು. ಬಿಳಿಯ ಕಡೆಯಷ್ಟೇ ಹೆಜ್ಜೆಯಿಟ್ಟು ಹೋದಳು, ಅಂಚು ಹತ್ತಿರವಾದಾಗ ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಇಣುಕಿದರೆ ಕೆಳಗೆ ಬಂದಗಿಸಾಬ ಸೊಂಟದ ಹಗ್ಗಕ್ಕೆ ನೇತಾಡುತ್ತಿದ್ದ. ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಯಾವಾಗಿನಿಂದ ಕೂಗುತ್ತಿದ್ದನೋ! ಅವನ ಕೆಳಗೆ, ಹೊಸ ಕೊಟ್ಟಿಗೆ ಕಟ್ಟಲು ತಂದು ಒಟ್ಟಿದ್ದ ಪರಸಿಯ ರಾಶಿ. ಹಗ್ಗ ಮುರಿದ ಕಲ್ಲಿನ ಅಂಚಿಗೆ ತಿಕ್ಕುತ್ತಿತ್ತು. ಅವಳು ಹೊಸೆದ ಪುಂಡಿನಾರಿನ ಒಂದು ಎಳೆ ಅವಳ ಕಣ್ಣ ಮುಂದೆಯೇ ಹರಿದು ಸುರುಳಿ ಸುತ್ತಿಕೊಂಡಿತು.

ಅವಳೊಬ್ಬಳಿಂದ ಎಳೆಯಲಾಗದು. ಗಂಡಸರು ಹೊಲದಲ್ಲಿ. ಓಣಿಯ ಬಾಗಿಲುಗಳನ್ನೆಲ್ಲ ಮುಚ್ಚಿಸಿದವಳು ಅವಳೇ.

ರಾಜಬಿ ಎದ್ದು ಮಂಡಿಯೂರಿ ಕೂತಳು. ಸೆರಗು ಎಲ್ಲಿ ಜಾರಿತ್ತೋ, ಕೂದಲು ಯಾವಾಗ ಬಿಚ್ಚಿತ್ತೋ. ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದಳು.

"ಹೊರಗ ಬರ್ರೆವ್ವಾ! ಎಲ್ಲಾರೂ ಹೊರಗ ಬರ್ರೆವ್ವಾ! ಮಾಳಗಿ ಏರ್ರೆವ್ವಾ!"

ಆ ಕೂಗಿನ ಮುಂದೆ ಬಂದಗಿಸಾಬನ ಅಷ್ಟು ವರ್ಷದ ಕೂಗು ಏನೂ ಅಲ್ಲ ಅಂತ ಆ ಓಣಿಯವರು ಇವತ್ತಿಗೂ ಹೇಳುತ್ತಾರೆ. ಬಾಗಿಲುಗಳು ಬಡಬಡನೆ ತೆರೆದವು. ಹಿಟ್ಟಿನ ಕೈಯವಳು, ಕೂಸನ್ನು ನೆಲಕ್ಕೆ ಇಳಿಸಿ ಓಡಿದವಳು, ತಲೆಗೆ ಸೀಗೆಕಾಯಿ ಹಾಕಿಕೊಂಡಿದ್ದವಳು, ಎಲ್ಲರೂ ತಮ್ಮ ತಮ್ಮ ಮೆಟ್ಟಿಲೇರಿ ಮಾಳಿಗೆಯಿಂದ ಮಾಳಿಗೆಗೆ ದಾಟಿಕೊಂಡು ಬಂದರು. ಪಕ್ಕದ ಮನೆಯ ನಜಮಾ ಬಂದಳು, ಅವಳ ಅತ್ತೆ ಬಂದಳು. ಎಲ್ಲರಿಗಿಂತ ಮೊದಲು, ಆ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ದಾಟಿ, ಒದ್ದೆ ಕೂದಲಿನ ಸಾತವ್ವ.

"ಬೆಳ್ಳಗಿದ್ದಲ್ಲೆ ನಿಂದರ್ರಿ! ಹಸಿರ ಮ್ಯಾಲ ಯಾರೂ ಕಾಲಿಡಬ್ಯಾಡ್ರಿ!" ರಾಜಬಿ ಅಪ್ಪಣೆ ಕೊಟ್ಟಳು. ಸಾತವ್ವನಿಗೂ ಕೊಟ್ಟಳು. "ನಜಮಾ, ಆ ಕೌದಿ ಈ ಕಡೆ ಒಗಿ!"

ಪಕ್ಕದ ಮಾಳಿಗೆಯಲ್ಲಿ ಒಣಗಲು ಹಾಕಿದ್ದ ಕೌದಿಯನ್ನು ಮಡಿಚಿ ಮತ್ತೆ ಹೊಟ್ಟೆಯ ಮೇಲೆ ತೆವಳಿ, ಹಗ್ಗಕ್ಕೂ ಕಲ್ಲಿನ ಅಂಚಿಗೂ ನಡುವೆ ತುರುಕಿದಳು. ಹಗ್ಗದ ಎಳೆಗಳಲ್ಲಿ ಅರ್ಧ ಮಾತ್ರ ಉಳಿದಿದ್ದವು.

"ಈಗ ಎಳೀರಿ. ದಡಕ್ಕನ ಎಳೀಬ್ಯಾಡ್ರಿ. ಬಾವ್ಯಾಗಿಂದ ಕೊಡ ಎಳದಂಗ ಎಳೀರಿ."

ಕೊಡ ಎಳೆಯುವುದನ್ನು ಆ ಹೆಂಗಸರಿಗೆ ಯಾರೂ ಕಲಿಸಬೇಕಿರಲಿಲ್ಲ. ದಿನವೂ ಆಳದ ಬಾವಿಯಿಂದ ನೀರು ಸೇದಿದ ಕೈಗಳು ಅವು. ಒಬ್ಬಳ ಕೈ ಬಿಡುವುದರೊಳಗೆ ಇನ್ನೊಬ್ಬಳ ಕೈ ಹಿಡಿಯುತ್ತಿತ್ತು, ಹಗ್ಗ ಒಂದು ಗೇಣೂ ಹಿಂದೆ ಜಾರಲಿಲ್ಲ. ಸಾತವ್ವ ಎಲ್ಲರ ಮುಂದೆ ಕಾಲು ಊರಿ ನಿಂತು, ಹಲ್ಲು ಕಚ್ಚಿ, ಪ್ರತಿ ಎಳೆತಕ್ಕೂ "ಹ್ಞಾ... ಹ್ಞಾ..." ಅನ್ನುತ್ತಿದ್ದಳು. ಮೊದಲು ಕೈಗಳು ಕಂಡವು, ಆಮೇಲೆ ತಲೆ. ರಾಜಬಿ ಅವನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡಳು. ಬಂದಗಿಸಾಬ ಮಾಳಿಗೆಯ ಬಿಳಿಯ ಭಾಗಕ್ಕೆ ಬಂದು ಅಂಗಾತ ಬಿದ್ದ.

ಕಣ್ಣು ಮುಚ್ಚಿದ್ದವು.

"ಏನ್ರಿ... ಕಣ್ಣ ತೆರೀರಿ. ಏನ್ರಿ!" ರಾಜಬಿ ಅವನ ಕೆನ್ನೆ ತಟ್ಟಿದಳು, ಭುಜ ಹಿಡಿದು ಅಲುಗಿಸಿದಳು. ಎದೆ ಏರಿಳಿಯುತ್ತಿತ್ತು. ಕೈಯ ತೊಗಲು ಸುಲಿದು ರಕ್ತ ಬರುತ್ತಿತ್ತು. ಆದರೂ ಕಣ್ಣು ತೆರೆಯಲೊಲ್ಲ. ರೆಪ್ಪೆಗಳನ್ನು ಇನ್ನಷ್ಟು ಬಿಗಿದುಕೊಂಡ. ಹೆಂಗಸರೆಲ್ಲ ಸುತ್ತ ಬಾಗಿ ನಿಂತರು. ನಜಮಾ ಅಳಲು ಶುರು ಮಾಡಿದಳು.

ಅವನ ತುಟಿ ಅಲ್ಲಾಡಿತು. ರಾಜಬಿ ಕಿವಿಯನ್ನು ತುಟಿಗೆ ಹಚ್ಚಿದಳು. ಕೇಳಿದಳು. ಕೇಳಿ ಹಾಗೇ ಕೂತಳು. ನಗಬೇಕೋ ಅಳಬೇಕೋ ತಿಳಿಯದೆ ಅವಳ ಮುಖ ಒಂದು ಥರ ಆಯಿತು.

"ಏನಂದ?" ಸಾತವ್ವ ಕೇಳಿದಳು. ಅವಳ ಕೈಗಳೂ ಹಗ್ಗಕ್ಕೆ ಸುಲಿದು ಕೆಂಪಾಗಿದ್ದವು.

"ಕಣ್ಣ ತೆರಿಯೂದಿಲ್ಲಂತ್ರಿ" ಅಂದಳು ರಾಜಬಿ. "ಹೆಣ್ಮಕ್ಕಳು ಅದಾರ, ನಾ ಕೂಗಿಲ್ಲ, ಅಂತಾರ್ರಿ."

ಸಾತವ್ವ ತನ್ನ ಒದ್ದೆ ಕೂದಲಿಗೆ ಕೈ ಹಾಕಿ ನೋಡಿಕೊಂಡಳು. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೋದವಳು ಅರ್ಧಕ್ಕೇ ಬಿಟ್ಟಳು. ಸಾವಿನ ಬಾಯಲ್ಲಿ ನೇತಾಡಿ ಬಂದ ಮನುಷ್ಯ, ಜೀವಕ್ಕಿಂತ ಮುಂಚೆ ಅವರ ಮಾನವನ್ನು ನೆನೆದಿದ್ದ. ಅಂಥವನಿಗೆ ಮರ್ಯಾದೆ ಹೋಯಿತೇನು ಎಂದು ಅಂಗಳದಲ್ಲಿ ನಿಂತು ಕೇಳಿದ್ದವಳು ತಾನು. ಸಾತವ್ವ ಅವನ ಬದಿಗೆ ಕುಕ್ಕರಗಾಲಲ್ಲಿ ಕೂತಳು. ಅವಳ ದನಿ ಅಷ್ಟು ಮೆತ್ತಗಿದ್ದದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

"ಬಂದಗಿಸಾಬ, ಇವತ್ತ ನೀ ಇದ್ದ ಮಾಳಗಿ ನಾವು ಏರೇವಿ. ಕೂಗದನ ಏರೇವಿ. ತಪ್ಪು ನಮ್ಮದೈತಿ, ನಿಂದಲ್ಲ. ಕಣ್ಣ ತೆರಿಯೋ ತಮ್ಮಾ."

ಬಂದಗಿಸಾಬ ಕಣ್ಣು ತೆರೆದ. ಮೊದಲು ಕಂಡದ್ದು ಹೆಂಡತಿ. ತಲೆಯ ಮೇಲೆ ಸೆರಗಿಲ್ಲ, ಮೊಣಕೈ ತುಂಬ ಹಾವಸೆ, ಬಿಸಿಲಲ್ಲಿ, ಮಾಳಿಗೆಯ ಮೇಲೆ. ಅವನು ಅವಳನ್ನೇ ನೋಡಿದ. ಆಮೇಲೆ ಮೆಲ್ಲಗೆ ಕತ್ತು ತಿರುಗಿಸಿ, ಎಲ್ಲರೂ ಬಿಳಿಯ ಜಾಗದ ಮೇಲೇ ನಿಂತಿದ್ದಾರೋ ಇಲ್ಲವೋ ಎಂದು ಅವರ ಕಾಲುಗಳನ್ನು ನೋಡಿದ. ನಿಂತಿದ್ದರು.

ಸುಲಿದ ಕೈ ವಾಸಿಯಾಗುವ ಹೊತ್ತಿಗೆ ರಾಜಬಿ ಹೊಸ ಹಗ್ಗ ಹೊಸೆದಿದ್ದಳು, ಈ ಸಲ ಬೆರಳು ದಪ್ಪ ಹೆಚ್ಚಿಗೆ. ಸಾತವ್ವನ ಮಾಳಿಗೆಯ ಉಳಿದ ಅರ್ಧ ಹಸಿರು ಹಾಗೇ ಕಾದಿತ್ತು. ಬೇರೆಯವರನ್ನು ಕರೆಸುತ್ತೇನೆಂದ ಮಗನಿಗೆ ಸಾತವ್ವ, "ನನ್ನ ಮಾಳಗಿ ಮ್ಯಾಲ ಬಂದಗಿಸಾಬನ ಹೊರತು ಯಾರೂ ಕಾಲಿಡಬಾರದು" ಎಂದು ಹೇಳಿಬಿಟ್ಟಿದ್ದಳು. ಗಂಡ ಹೆಂಡತಿ ಇಬ್ಬರೂ ಬಂದರು. ರಾಜಬಿ ಓಣಿಯ ತುದಿಯಲ್ಲಿ ನಿಂತು, ಈ ಸಲ ಕಣ್ಣು ಮುಚ್ಚದೆ ಕೂಗಿದಳು.

"ಮಾಳಗಿ ಏರ್ತಾರ್ರೆವ್ವಾ... ಒಳಗಾಗ್ರೆವ್ವಾ..."

ಹೆಂಗಸರು ಎಂದಿನಂತೆ ಒಳಗಾದರು. ಬಂದಗಿಸಾಬನ ಕೂಗಿಗೆ ಅಷ್ಟು ವರ್ಷ ಮುಚ್ಚಿದ ಬಾಗಿಲೇ ಉತ್ತರವಾಗಿತ್ತು, ಬೇರೆ ಉತ್ತರ ಬಂದದ್ದಿಲ್ಲ. ಇವತ್ತು ದೊಡ್ಡ ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಸಾತವ್ವನ ಗಂಟಲು ಬಂತು.

"ಒಳಗಾಗೇವ್ರೆವ್ವಾ... ಏರಂತ ಹೇಳು. ಅವ ಏರಿದ ಮ್ಯಾಲ ಮೆಟ್ಟಲದಾಗ ಹಗ್ಗ ಹಿಡದು ನಾನೂ ಕುಂದರ್ತೇನಿ."